ಶಟ್‌ಡೌನ್ ಹೊತ್ತಿನ ಕರ್ನಲ್ ಕ್ರ್ಯಾಶ್ 9600 ಬಾಡ್‌ನಲ್ಲಿ ಸಿಕ್ಕಿಬಿದ್ದದ್ದು

"ಶಟ್‌ಡೌನ್ ಕ್ರ್ಯಾಶ್‌ಗೆ ಲಾಗ್ ಸಿಗುವುದಿಲ್ಲ, ಡಿಸ್ಕ್ ಹೇಗೂ ಅನ್‌ಮೌಂಟ್ ಆಗಿರುತ್ತದೆ, ಪವರ್ ಬಟನ್ ಒತ್ತಿ ಹಿಡಿದು ಮಲಗಿ" ಎಂದು ನನಗೆ ಹೇಳದವರಿಲ್ಲ. ಸೀರಿಯಲ್ ಕನ್ಸೋಲ್ (ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಬರೆಯುವ ಸಂದೇಶಗಳನ್ನು ತಂತಿಯಲ್ಲಿ ಇನ್ನೊಂದು ಯಂತ್ರಕ್ಕೆ ಕಳಿಸುವ ದಾರಿ) ಹಾಕುತ್ತೇನೆ ಎಂದಾಗ ನಕ್ಕವರೂ ಇದ್ದಾರೆ. ಅದು ಟೈಮಿಂಗ್ ಕೆಡಿಸುತ್ತದೆ, ಇರುವ ಬಗ್ಗೂ ಮಾಯವಾಗುತ್ತದೆ ಅಂತ. ಟೈಮಿಂಗ್ ಕೆಟ್ಟಿತು, ನಿಜ. ಕೆಟ್ಟಿದ್ದಕ್ಕೇ ಬಗ್ ಸಿಕ್ಕಿತು.

ಲಿನಕ್ಸ್ ಯಂತ್ರ, ಒಳಗೊಂದು ವಿಡಿಯೊ ಕ್ಯಾಪ್ಚರ್ ಕಾರ್ಡ್, ಅದಕ್ಕೆ ಮೇನ್‌ಲೈನ್‌ನಲ್ಲಿ (ಅಧಿಕೃತ ಕರ್ನಲ್ ಮೂಲದಲ್ಲಿ) ಇಲ್ಲದ ಡ್ರೈವರ್. ಐದಾರು ಸಲ ಆಫ್ ಮಾಡಿದರೆ ಒಂದು ಸಲ ಫ್ಯಾನ್ ತಿರುಗುತ್ತಲೇ, ಕ್ಯಾಪ್ಸ್ ಲಾಕ್ ದೀಪ ಮಿಣುಕುತ್ತಾ ನಿಂತುಬಿಡುತ್ತಿತ್ತು. ಫೋನಿನಲ್ಲಿ ವಿಡಿಯೊ ತೆಗೆದರೆ ಸ್ಟ್ಯಾಕ್‌ನ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿಯ) ಬಾಲ ಮಾತ್ರ ಕಾಣುತ್ತಿತ್ತು. ಅದರಲ್ಲಿ ಡ್ರೈವರ್ ಹೆಸರಿಲ್ಲ, ಬರೀ ಟೈಮರ್ ಕೋಡ್. ವಿಳಾಸ ಪ್ರತಿ ಸಲ ಬೇರೆ. ವಿಳಾಸ ಬೇರೆ ಬೇರೆ ಅಂದಕೂಡಲೇ ಎಲ್ಲರ ತೀರ್ಪು ಒಂದೇ: ರ್‍ಯಾಮ್ ಹೋಗಿದೆ. ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿ ಪಾಸಾಗಿತ್ತು, ಆದರೂ ಹೊಸ ರ್‍ಯಾಮ್ ಬಂತು. ಆಮೇಲೆ ಪವರ್ ಸಪ್ಲೈ. ಹಳೆಯ ಯಂತ್ರದ ಅರ್ಧ ಬೆಲೆ ಅಲ್ಲಿಗೇ ಹೋಯಿತು, ಕ್ರ್ಯಾಶ್ ಮಾತ್ರ ಹಾಗೇ ಇತ್ತು.

ಲಾಗ್ ಹಿಡಿಯುವ ಕಥೆಯೂ ಹಾಗೇ. ನೆಟ್‌ಕನ್ಸೋಲ್ (ಲಾಗನ್ನು ನೆಟ್‌ವರ್ಕ್ ಮೂಲಕ ಕಳಿಸುವುದು) ಚೆನ್ನಾಗಿ ಶುರುವಾಗುತ್ತಿತ್ತು, ಆದರೆ ಡಿವೈಸ್‌ಗಳನ್ನು ನಿಲ್ಲಿಸುವ ಸಾಲಿನಲ್ಲಿ ನೆಟ್‌ವರ್ಕ್ ಕಾರ್ಡ್ ಮೊದಲೇ ಹೋಗಿ ಮಧ್ಯದಲ್ಲೇ ಬಾಯಿ ಮುಚ್ಚುತ್ತಿತ್ತು. ರ್‍ಯಾಮ್‌ಊಪ್ಸ್ (ಲಾಗನ್ನು ರೀಬೂಟ್ ದಾಟಿ ಮೆಮರಿಯಲ್ಲೇ ಉಳಿಸುವುದು) ಹಾಕಿದರೆ, ಪವರ್ ಬಟನ್ ಹಿಡಿದು ಆಫ್ ಮಾಡಿದ ಮೇಲೆ ಮೆಮರಿಯಲ್ಲಿ ಏನು ಉಳಿಯುತ್ತದೆ? ಕ್ರ್ಯಾಶ್ ಆದಾಗ ಇನ್ನೊಂದು ಕರ್ನಲ್ ಹತ್ತಿಸಿ ಮೆಮರಿಯ ನಕಲು ತೆಗೆಯುವ ಕೆಡಂಪ್ ಇನ್ನೂ ತಮಾಷೆ. ನನ್ನ ಡಿಸ್ಟ್ರೋದಲ್ಲಿ ಅದೂ ಒಂದು ಸರ್ವಿಸ್, ಶಟ್‌ಡೌನ್ ಶುರುವಾದ ತಕ್ಷಣ ಅದೇ ಮೊದಲು ನಿಂತು ಕ್ರ್ಯಾಶ್ ಕರ್ನಲ್ ಅನ್ನು ಇಳಿಸಿಬಿಡುತ್ತದೆ.

ಯುಎಸ್‌ಬಿ ಸೀರಿಯಲ್ ಅಡಾಪ್ಟರನ್ನು ಈ ಯಂತ್ರದ ಕಡೆ ಹಾಕಬೇಡಿ. ಯುಎಸ್‌ಬಿ ಕಂಟ್ರೋಲರ್ ಕೂಡ ಅದೇ ಸಾಲಿನಲ್ಲಿ ನಿಲ್ಲುತ್ತದೆ ಅಲ್ವಾ? ಮದರ್‌ಬೋರ್ಡ್ ಮೇಲೆ ಹತ್ತು ಪಿನ್ನಿನ ಕಾಮ್ ಹೆಡರ್ ಇತ್ತು. ಅದಕ್ಕೆ ಹಾಕುವ ಬ್ರಾಕೆಟ್ ಕೇಬಲ್‌ನಲ್ಲಿ ಎರಡು ತರಹದ ವೈರಿಂಗ್ ಬರುತ್ತದೆ, ಹೊರಗಿನಿಂದ ನೋಡಿದರೆ ಎರಡೂ ಒಂದೇ. ನನಗೆ ಬಂದದ್ದು ಬೋರ್ಡಿಗೆ ಹೊಂದದ್ದು. ಮಲ್ಟಿಮೀಟರ್ ಹಿಡಿದು ವೈರ್ ಕಿತ್ತು ಮತ್ತೆ ಕೂರಿಸಿದೆ. ಇಷ್ಟೂ ಖರ್ಚಿನಲ್ಲಿ ಅತಿ ಅಗ್ಗದ್ದು ಈ ಕೇಬಲ್ಲೇ, ಕೆಲಸ ಮಾಡಿದ್ದೂ ಇದೇ.

ಕನ್ಸೋಲ್ ವೇಗವನ್ನು 115200 ಬಾಡ್‌ಗೆ (ಸೆಕೆಂಡಿಗೆ ಅಷ್ಟು ಬಿಟ್, ಅಕ್ಷರಕ್ಕೆ ಹತ್ತು ಬಿಟ್) ಇಟ್ಟು, ಕರ್ನಲ್ ಆಯ್ಕೆಗಳಾದ ಇಗ್ನೋರ್ ಲಾಗ್‌ಲೆವೆಲ್ ಮತ್ತು ಇನಿಟ್‌ಕಾಲ್ ಡೀಬಗ್ ಹಾಕಿದೆ. ಎರಡನೆಯದನ್ನು ಬೂಟ್‌ಗೆ ಮಾತ್ರ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ, ಆದರೆ ಶಟ್‌ಡೌನ್‌ನಲ್ಲೂ ನಿಲ್ಲಿಸುವ ಫಂಕ್ಷನ್ ಇರುವ ಪ್ರತಿ ಡಿವೈಸ್‌ಗೆ ಅದು ಒಂದು ಸಾಲು ಬರೆಯುತ್ತದೆ. ಆಗ ಕ್ರ್ಯಾಶ್ ಅರ್ಧಕ್ಕಿಂತ ಜಾಸ್ತಿ ಸಲ ಬರತೊಡಗಿತು! ಸಾಲು ಹೊರಹೋಗುವವರೆಗೆ ಕರ್ನಲ್ ಕಾಯುತ್ತದೆ, ಲೆಕ್ಕ ಹಾಕಿ ನೋಡಿ: ಸುಮಾರು 300 ಸಾಲು, ಸಾಲಿಗೆ 70 ಅಕ್ಷರ, ಸೆಕೆಂಡಿಗೆ 11,500 ಅಕ್ಷರ. ಶಟ್‌ಡೌನ್ ಎರಡು ಸೆಕೆಂಡು ಹಿಗ್ಗಿದೆ, ಅಷ್ಟೇ. ಹಾಗಾದರೆ ಇನ್ನೂ ಹಿಗ್ಗಿಸೋಣ ಎಂದು 9600ಕ್ಕೆ ಇಳಿಸಿದೆ. ಇಪ್ಪತ್ತು ಸೆಕೆಂಡಿನ ಮೇಲಾಯಿತು, ಪ್ರತಿ ಸಲವೂ ಕ್ರ್ಯಾಶ್.

ಜೊತೆಗೆ ಸ್ಲಬ್ ಡೀಬಗ್‌ನಲ್ಲಿ (ಕರ್ನಲ್ ಮೆಮರಿ ಹಂಚಿಕೆಯ ಪರೀಕ್ಷೆ) ಪಾಯ್ಸನ್ ಹಾಕಿದೆ. ಇನ್ನೊಂದು ಯಂತ್ರದಲ್ಲಿ ಕೂತು ನೋಡುತ್ತಿದ್ದರೆ ಡಿವೈಸ್ ಹೆಸರುಗಳು ಒಂದೊಂದಾಗಿ ತೆವಳುತ್ತಿದ್ದವು. ಕ್ಯಾಪ್ಚರ್ ಕಾರ್ಡಿನ ಸಾಲು ಬಂತು, ಹೋಯಿತು. ಮೂರ್ನಾಲ್ಕು ಸೆಕೆಂಡು ಬಿಟ್ಟು ಜನರಲ್ ಪ್ರೊಟೆಕ್ಷನ್ ಫಾಲ್ಟ್, ವಿಳಾಸ 6ಬಿ6ಬಿ6ಬಿ6ಬಿ6ಬಿ6ಬಿ6ಬಿ6ಬಿ. ಹೊಸ ರ್‍ಯಾಮ್ ಕೊಡಿಸಿದವರಿಗೆಲ್ಲ ಆ ಸಾಲಿನ ಚಿತ್ರ ಕಳಿಸಿದೆ. 6ಬಿ ಅಂದರೆ ಫ್ರೀ ಮಾಡಿದ ಮೆಮರಿಗೆ ಕರ್ನಲ್ಲೇ ತುಂಬುವ ಬೈಟ್. ಯಾರೋ ಓಡುತ್ತಿರುವ ಟೈಮರ್ ಸಮೇತ ಮೆಮರಿ ಬಿಟ್ಟುಕೊಟ್ಟಿದ್ದಾರೆ.

ಯಾರು ಎನ್ನುವುದಕ್ಕೆ ಡೀಬಗ್ ಆಬ್ಜೆಕ್ಟ್ಸ್ (ಟೈಮರ್‌ನಂಥವುಗಳ ಲೆಕ್ಕ ಇಡುವ ಆಯ್ಕೆ) ಸೇರಿಸಿ ಕರ್ನಲ್ ಕಟ್ಟಿದೆ, ಫ್ರೀ ಮಾಡುವಾಗ ಪರೀಕ್ಷಿಸುವ ಆಯ್ಕೆಯೂ ಇರಬೇಕು. ಈಗ ಕ್ರ್ಯಾಶ್ ಇಲ್ಲ, ಏಕೆಂದರೆ ಅದು ಟೈಮರನ್ನು ತಾನೇ ಕಿತ್ತುಹಾಕುತ್ತದೆ. ಬದಲಿಗೆ ಎಚ್ಚರಿಕೆ ಬಂತು, ಈ ಸಲ ಸ್ಟ್ಯಾಕ್‌ನಲ್ಲಿ ಡ್ರೈವರ್ ಹೆಸರಿನ ಸಮೇತ. ಐದು ಸೆಕೆಂಡಿಗೊಮ್ಮೆ ಕಾರ್ಡಿನ ಸ್ಥಿತಿ ನೋಡುವ ಒಂದು ಡಿಲೇಯ್ಡ್ ವರ್ಕ್ (ಟೈಮರ್ ಮುಗಿದಾಗ ಓಡುವ ಕೆಲಸ) ಅದರಲ್ಲಿದೆ. ಮಾಡ್ಯೂಲ್ (ಡ್ರೈವರ್) ಇಳಿಸುವಾಗ ಓಡುವ ರಿಮೂವ್ ಫಂಕ್ಷನ್ನಿನಲ್ಲಿ ಅದನ್ನು ಸರಿಯಾಗಿ ನಿಲ್ಲಿಸಿದ್ದಾರೆ, ಶಟ್‌ಡೌನ್‌ಗೆ ಬರೆದ ಬೇರೆ ಫಂಕ್ಷನ್ನಿನಲ್ಲಿ ನಿಲ್ಲಿಸುವುದನ್ನು ಮರೆತಿದ್ದಾರೆ. ಮಾಡ್ಯೂಲ್ ಇಳಿಸಿ ಹತ್ತಿಸಿ ಎಷ್ಟು ಕೆಣಕಿದರೂ ಏನೂ ಆಗದಿದ್ದದ್ದು ಇದಕ್ಕೇ.

ಅದನ್ನು ರದ್ದು ಮಾಡುವ ಕ್ಯಾನ್ಸಲ್ ಡಿಲೇಯ್ಡ್ ವರ್ಕ್ ಸಿಂಕ್ ಎಂಬ ಒಂದು ಸಾಲು ಹಾಕಿದರೆ ಮುಗಿಯಲಿಲ್ಲ. ವಿಡಿಯೊ ಸಿಗ್ನಲ್ ಇದ್ದಾಗ ಎಚ್ಚರಿಕೆ ಮತ್ತೆ ಇಣುಕಿತು. ಇಂಟರಪ್ಟ್ ಹ್ಯಾಂಡ್ಲರ್ (ಕಾರ್ಡ್ ಕರೆದಾಗ ಓಡುವ ಕೋಡ್) ಅದೇ ವರ್ಕನ್ನು ಮತ್ತೆ ಸಾಲಿಗೆ ಹಾಕುತ್ತಿತ್ತು. ಮೊದಲು ಐಆರ್‌ಕ್ಯೂ (ಇಂಟರಪ್ಟ್) ಬಿಡಿ, ಆಮೇಲೆ ವರ್ಕ್ ರದ್ದು, ಕೊನೆಗೆ ಮೆಮರಿ. ಈ ಕ್ರಮ ತಪ್ಪಬಾರದು.

ಪರೀಕ್ಷೆಗೆ ಪ್ರತಿ ಸಲ ಪೂರ್ತಿ ಆಫ್ ಮಾಡುತ್ತಾ ಕೂರಬೇಡಿ. ಕೆಎಕ್ಸೆಕ್ (ಓಡುತ್ತಿರುವ ಕರ್ನಲ್‌ನಿಂದ ನೇರವಾಗಿ ಹೊಸ ಕರ್ನಲ್ ಹತ್ತಿಸುವುದು) ಕೂಡ ಡಿವೈಸ್‌ಗಳನ್ನು ಅದೇ ದಾರಿಯಲ್ಲಿ ನಿಲ್ಲಿಸುತ್ತದೆ, ಬಯೋಸ್‌ಗೆ ಕಾಯುವ ಗೋಳಿಲ್ಲ. ಪ್ಯಾನಿಕ್ ಆದರೆ 10 ಸೆಕೆಂಡಿಗೆ ರೀಬೂಟ್ ಆಗುವಂತೆ ಇಟ್ಟು, ರಾತ್ರಿಯೆಲ್ಲ ತಾನೇ ಸುತ್ತುವ ಒಂದು ಸ್ಕ್ರಿಪ್ಟ್ ಬರೆದುಕೊಂಡೆ. ಅದರಲ್ಲಿ ಕಾರ್ಡಿನ ಸಾಲು ದಾಟಿದ ಮೇಲಷ್ಟೇ ನಿಧಾನ ಮಾಡುವ ಒಂದು ಉಪಾಯವಿದೆ, ಅದು ನನ್ನ ಹತ್ತಿರವೇ ಇರಲಿ. ತಿದ್ದಿದ ಡ್ರೈವರ್ 9600ರಲ್ಲೇ ರಾತ್ರಿ ಪೂರ್ತಿ ಸುತ್ತಿತು, ಒಂದು ಎಚ್ಚರಿಕೆಯೂ ಇಲ್ಲ.

ಸಸ್ಪೆಂಡ್ ಫಂಕ್ಷನ್ನಿನಲ್ಲೂ ಆ ವರ್ಕನ್ನು ಹಾಗೇ ಬಿಟ್ಟಿರುವುದು ಕಣ್ಣಿಗೆ ಬಿದ್ದಿದೆ. ಅಲ್ಲಿ ಮೆಮರಿ ಬಿಡುವುದಿಲ್ಲವಾದ್ದರಿಂದ 6ಬಿ ಸಿಗುವುದಿಲ್ಲ, ಬೇರೆ ಬಲೆ ಹಾಕಬೇಕು.