ಮೊಬೈಲ್ ಇರುವ ಮನೆಯಲ್ಲಿ ಪತ್ರಿಕೆ ಓದುವ ರೂಢಿಯನ್ನು ಉಳಿಸಿಕೊಳ್ಳುವ ಬಗೆ

1843ರ ಜುಲೈ 1ರಂದು ಆರಂಭವಾದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಅನಂತರದ ದಿನಪತ್ರಿಕೆಗಳು ಸುದ್ದಿ ಓದುವ ಹೊತ್ತನ್ನು ಮುಂಜಾನೆಗೆ ಗೊತ್ತುಮಾಡಿದವು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಆ ಹೊತ್ತು ಕದಲಿತು. ಬೆಳಿಗ್ಗೆ ಬಾಗಿಲಿಗೆ ಬಿದ್ದ ಪತ್ರಿಕೆ ಸಂಜೆಯವರೆಗೂ ಮಡಿಕೆ ಬಿಚ್ಚದೆ ಉಳಿಯುವುದು ಹಲವು ಮನೆಗಳಲ್ಲಿ ಸಾಮಾನ್ಯವಾಗಿದೆ. ಇಂಟರ್‌ನೆಟ್ಟನ್ನು ತೊರೆಯದೆಯೇ ಈ ರೂಢಿಯನ್ನು ಮರಳಿ ಪಡೆಯಬಹುದು.

ಮೊದಲು ಒಂದು ವಾರ, ಎದ್ದ ಕೂಡಲೇ ಯಾವುದನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದು ಬರೆದಿಡಿ. ಪತ್ರಿಕೆಯ ಅರ್ಧ ಗಂಟೆಯನ್ನು ಮೊಬೈಲ್ ತೆಗೆದುಕೊಂಡಿದ್ದರೆ, ಸುದ್ದಿ ಆ್ಯಪ್‌ಗಳ ನೋಟಿಫಿಕೇಶನ್ ನಿಲ್ಲಿಸಿ, ಕಾಫಿಯ ಹೊತ್ತನ್ನು ಪತ್ರಿಕೆಗೇ ಮೀಸಲಿಡಿ.

ಓದುವ ಕ್ರಮವನ್ನೂ ಬದಲಿಸಬೇಕು. ಮುಖಪುಟದ ದೊಡ್ಡ ಸುದ್ದಿಗಳನ್ನು ನೀವು ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ಕಂಡಿರುತ್ತೀರಿ. ಆದ್ದರಿಂದ ಜಿಲ್ಲಾ ಪುಟದಿಂದ ಆರಂಭಿಸಿ, ಸಂಪಾದಕೀಯ ಪುಟಕ್ಕೆ ಹೋಗಿ, ಕೊನೆಗೆ ಮುಖಪುಟಕ್ಕೆ ಬನ್ನಿ. ಮೊಬೈಲ್ ನಾವು ಹಿಂದೆ ಮೆಚ್ಚಿದ್ದನ್ನೇ ಹೋಲುವ ಸುದ್ದಿಯನ್ನು ಮತ್ತೆ ಮತ್ತೆ ತಂದಿಡುತ್ತದೆ. ಪತ್ರಿಕೆಯ ಪುಟದಲ್ಲಾದರೋ ಅಡಿಕೆ ಧಾರಣೆಯ ಪಕ್ಕದಲ್ಲಿ ವಿದ್ಯುತ್ ವ್ಯತ್ಯಯದ ಪ್ರಕಟಣೆ, ಅದರ ಕೆಳಗೆ ನಮಗೆ ಒಪ್ಪಿಗೆಯಾಗದ ಅಭಿಪ್ರಾಯವುಳ್ಳ ಓದುಗರ ಪತ್ರ, ಹೀಗೆ ನಾವು ಹುಡುಕದೆ ಇದ್ದದ್ದೂ ಕಣ್ಣಿಗೆ ಬೀಳುತ್ತದೆ. ನನ್ನ ದೃಷ್ಟಿಯಲ್ಲಿ ರೂಢಿ ತಪ್ಪಿದಾಗ ಆಗುವ ದೊಡ್ಡ ನಷ್ಟ ಇದೇ. ಪತ್ರಿಕೆ ತಲುಪದ ಊರಿನಲ್ಲಿರುವವರು, ವಿದೇಶದಲ್ಲಿರುವ ಕನ್ನಡಿಗರೂ ಸಹ, ಬಿಡಿ ಲಿಂಕ್‌ಗಳಿಗಿಂತ ಇಡೀ ಪುಟವನ್ನು ತೋರಿಸುವ ಇ-ಪೇಪರ್ ಆರಿಸಿಕೊಳ್ಳುವುದು ಒಳ್ಳೆಯದು.

ವಾಟ್ಸ್‌ಆ್ಯಪ್‌ನಲ್ಲಿ ಪತ್ರಿಕೆಯ ತುಣುಕಿನ ಚಿತ್ರ ಬಂದರೆ ಒಡನೆ ನಂಬಬೇಡಿ. ಹಳೆಯ ಸುದ್ದಿಯ ದಿನಾಂಕವನ್ನು ಕತ್ತರಿಸಿ ಹೊಸದೆಂಬಂತೆ ಕಳುಹಿಸುವುದುಂಟು. ಪತ್ರಿಕೆಯ ಹೆಸರು, ಆವೃತ್ತಿ, ದಿನಾಂಕ ಯಾವುವೆಂದು ಕಳುಹಿಸಿದವರನ್ನೇ ಕೇಳಿ, ಆ ದಿನದ ಇ-ಪೇಪರ್ ತೆರೆದು ನೋಡಿ. ಅಲ್ಲಿ ಕಾಣದಿದ್ದರೆ ಮುಂದಕ್ಕೆ ಕಳುಹಿಸಬೇಡಿ.

ಕಣ್ಣು ಮಂಜಾದ ಹಿರಿಯರಿಗೆ ಆಕಾಶವಾಣಿಯ ಪ್ರದೇಶ ಸಮಾಚಾರವನ್ನು ಅದರ ಆ್ಯಪ್‌ನಲ್ಲಿಯೇ ಹಾಕಿಕೊಡಬಹುದು. ಮಕ್ಕಳಿಗೆ ದಿನಕ್ಕೊಂದು ಸುದ್ದಿಯನ್ನು ಗಟ್ಟಿಯಾಗಿ ಓದಲು ಹೇಳಿ. ಯಾವ ಸುದ್ದಿ ಎಂಬುದನ್ನು ಅವರೇ ಆರಿಸಲಿ, ಅದು ಕ್ರೀಡಾ ಪುಟದ್ದಾದರೂ ಸರಿ.