ಕ್ರೆಸಿಯ ನೈಟ್‌ಗಳಿಗೆ ಮಲೆನಾಡಿನ ತೇವದಲ್ಲಿ ಬಣ್ಣ

ಚಿಕ್ಕಮಗಳೂರಿನಲ್ಲಿ ಕೂತು ಮೇಜಿನ ಮೇಲಿನ ಯುದ್ಧದಾಟದ 28 ಮಿ.ಮೀ. ಸೈನಿಕ ಗೊಂಬೆಗಳಿಗೆ ಬಣ್ಣ ಹಚ್ಚುವವರು ಮೊದಲು ನೋಡಬೇಕಾದದ್ದು ಕ್ಯಾಲೆಂಡರ್. ಸ್ಪ್ರೇ ಡಬ್ಬಿಯ ಕೆಲಸವನ್ನೆಲ್ಲ ನಾನು ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಸಿಕೊಳ್ಳುತ್ತೇನೆ, ಕುಂಚದ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳುತ್ತೇನೆ. ಡಬ್ಬಿಯ ಗ್ಯಾಸ್ ಹೊರಬರುವಾಗ ಗೊಂಬೆಯ ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲಿ ಕೂತು ಬಣ್ಣದ ಪದರದೊಳಗೇ ಸಿಕ್ಕಿಕೊಳ್ಳುತ್ತದೆ. ಒಣಗಿದ ಮೇಲೆ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಪದರ) ತರಿತರಿ, ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಆದರೆ ಬೂದಿ ಬಳಿದ ಹಾಗೆ ಬಿಳಿ. ತೇವಾಂಶ 60 ಶೇಕಡಾ ದಾಟಿದ ದಿನ ನಾನು ಡಬ್ಬಿ ಮುಟ್ಟುವುದಿಲ್ಲ. ಗೋಡೆಗೆ ತೂಗುಹಾಕುವ ಅಗ್ಗದ ಮೀಟರ್ ಒಂದಿದ್ದರೆ ಸಾಕು. ಜುಲೈನಲ್ಲಿ ಪ್ರೈಮ್ ಮಾಡಲೇಬೇಕಾದರೆ ಕುಂಚದಿಂದ ಹಚ್ಚುವ ಅಕ್ರಿಲಿಕ್ ಪ್ರೈಮರ್ ಬಳಸಿ, ಎರಡು ತೆಳು ಪದರ. ವಾರ್ನಿಷ್ ಬೆಳ್ಳಗಾಗಿಬಿಟ್ಟರೆ ಗೊಂಬೆಯನ್ನು ಎಸೆಯಬೇಡಿ. ಮೇಲೊಂದು ಗ್ಲಾಸಿ (ಹೊಳಪಿನ) ವಾರ್ನಿಷ್ ಕುಂಚದಲ್ಲಿ ಬಳಿದರೆ ಸಾಮಾನ್ಯವಾಗಿ ಬಿಳುಪು ಹೋಗುತ್ತದೆ; ಒಣಹವೆ ಬಂದ ಮೇಲೆ ಮತ್ತೆ ಮ್ಯಾಟ್ ಕೊಡಬಹುದು.

ನಾನು ಕಟ್ಟಿದ್ದು 1346ರ ಆಗಸ್ಟ್ 26ರಂದು ಉತ್ತರ ಫ್ರಾನ್ಸಿನ ಕ್ರೆಸಿಯಲ್ಲಿ ಇಂಗ್ಲಿಷರಿಗೆ ಸೋತ ಫ್ರೆಂಚ್ ಪಡೆ. ಆಡುವುದು ಲಯನ್ ರಾಂಪಂಟ್ ಎಂಬ ಮಧ್ಯಯುಗದ ಯುದ್ಧದಾಟದ ನಿಯಮದಲ್ಲಿ, 24 ಪಾಯಿಂಟ್‌ಗೆ (ಪ್ರತಿ ಗುಂಪಿಗೂ ಅದರದೇ ಪಾಯಿಂಟ್ ಬೆಲೆ). ಆರಾರು ಕುದುರೆ ನೈಟ್‌ಗಳ (ಕವಚ ತೊಟ್ಟ ಸವಾರರ) ಎರಡು ಗುಂಪಿಗೆ 12 ಪಾಯಿಂಟ್, ಹನ್ನೆರಡು ಹನ್ನೆರಡು ಜನರ ಎರಡು ಕ್ರಾಸ್‌ಬೋ (ಅಡ್ಡಬಿಲ್ಲು) ಗುಂಪಿಗೆ 8, ಹನ್ನೆರಡು ಕಾಲಾಳು ಸಾರ್ಜೆಂಟ್‌ಗಳಿಗೆ 4. ಒಟ್ಟು 48 ಗೊಂಬೆ. ಮೊದಲ ಸೈನ್ಯಕ್ಕೆ ಇದೇ ಸರಿಯಾದ ಅಳತೆ. ನೂರು ಗೊಂಬೆ ತರಿಸಿಕೊಂಡವರ ಪೆಟ್ಟಿಗೆ ಬೂದು ಪ್ಲಾಸ್ಟಿಕ್ಕಾಗಿಯೇ ಉಳಿಯುತ್ತದೆ.

ಗೊಂಬೆಯ ಬಿಡಿಭಾಗಗಳಿರುವ ಪ್ಲಾಸ್ಟಿಕ್ ಚೌಕಟ್ಟನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಿರಿ, ಅಚ್ಚಿನ ಗೆರೆಗಳನ್ನು ಬ್ಲೇಡಿನ ಬೆನ್ನಿನಿಂದ ಕೆರೆಯಿರಿ. ಜೋಡಣೆಗೆ ಪ್ಲಾಸ್ಟಿಕ್ ಸಿಮೆಂಟ್ ಬೇಕು. ಫೆವಿಕ್ವಿಕ್ ಲೋಹದ ಗೊಂಬೆಗೆ ಸರಿ, ಆದರೆ ತೇವದ ಗಾಳಿಯಲ್ಲಿ ಅದು ಬೇಗ ಗಟ್ಟಿಯಾಗಿ ಸುತ್ತ ಬಿಳಿ ಹೊಗೆಯ ಕಲೆ ಬಿಡುತ್ತದೆ. ಸವಾರ ಮತ್ತು ಕುದುರೆಯನ್ನು ಬೇರೆ ಬೇರೆಯಾಗಿಯೇ ಬಣ್ಣ ಮಾಡಿ. ಕೊನೆಗೆ ಅಂಟಿಸುವಾಗ ಜೀನಿನ ಮೇಲಿನ ಬಣ್ಣ ಕೆರೆದು ಪ್ಲಾಸ್ಟಿಕ್ ಕಾಣಿಸಬೇಕು. ಸಿಮೆಂಟ್ ಕರಗಿಸಿ ಬೆಸೆಯುವುದು ಪ್ಲಾಸ್ಟಿಕ್ಕನ್ನು, ಬಣ್ಣವನ್ನಲ್ಲ. ಪ್ಲಾಸ್ಟಿಕ್ ಭರ್ಜಿ ಒಂದೆರಡು ಆಟದಲ್ಲೇ ಮುರಿಯುತ್ತದೆ. ಚೆನ್ನಾಗಿ ಒಣಗಿದ ತೆಂಗಿನ ಗರಿಯ ಕಡ್ಡಿಯನ್ನು 1 ಮಿ.ಮೀ. ದಪ್ಪಕ್ಕೆ ಹೆರೆದು 65 ಮಿ.ಮೀ. ಉದ್ದ ಕತ್ತರಿಸಿ, ಮುಷ್ಟಿಗೆ ತೂತು ಕೊರೆದು ತೂರಿಸಿ. ತುದಿಗೆ ಸಹಜವಾಗಿಯೇ ಸಣ್ಣಗಾಗುವುದರಿಂದ ನೋಡಲೂ ಚೆಂದ. ಪ್ರೈಮರ್ ಕಾಣದ ಕಡ್ಡಿ ಮಳೆಗಾಲದಲ್ಲಿ ಬಾಗುತ್ತದೆ, ನೆನಪಿರಲಿ.

ರಕ್ಷಾಕವಚದ ಬಗ್ಗೆ ಒಂದು ಮಾತು. 1346ರ ನೈಟ್ ಅಡಿಯಿಂದ ಮುಡಿಯವರೆಗೆ ಹೊಳೆಯುವ ತಗಡಲ್ಲ; ಅದು 15ನೇ ಶತಮಾನದ್ದು. ಇವನ ಮೈಮೇಲೆ ಹೆಚ್ಚು ಕಾಣುವುದು ಉಂಗುರಗಳ ಬಲೆ, ಮಂಡಿ ಮೊಣಕೈಗೆ ತಗಡು. ಕಪ್ಪು ಪ್ರೈಮರ್ ಮೇಲೆ ಗನ್‌ಮೆಟಲ್ (ಗಾಢ ಲೋಹದ ಬಣ್ಣ) ಡ್ರೈಬ್ರಷ್, ಅಂದರೆ ಬಹುತೇಕ ಒಣಗಿದ ಕುಂಚದಿಂದ ಉಬ್ಬುಗಳಿಗೆ ಮಾತ್ರ ಸವರುವುದು; ಕಪ್ಪು ವಾಷ್ (ಸಂದುಗಳಿಗೆ ಇಳಿಯುವ ನೀರುನೀರಾದ ಬಣ್ಣ), ತಗಡಿನ ಅಂಚಿಗೆ ಮಾತ್ರ ಬೆಳ್ಳಿ. ಲೋಹದ ಬಣ್ಣಕ್ಕೆ ಬೇರೆಯೇ ನೀರಿನ ಲೋಟ ಇಡಿ, ಇಲ್ಲದಿದ್ದರೆ ಅದರ ಮಿನುಗು ಎಲ್ಲ ಬಣ್ಣಕ್ಕೂ ಸೇರುತ್ತದೆ.

ಕುದುರೆಗೆ ನೆರಳು ಎಲ್ಲೆಲ್ಲಿ ಬೀಳುತ್ತದೆ ಎಂದು ತಿಳಿಯಲು ನನಗೆ ಹಳೇಬೀಡಿಗಿಂತ ಒಳ್ಳೆಯ ಪಾಠ ಸಿಕ್ಕಿಲ್ಲ. ಹೊಯ್ಸಳೇಶ್ವರದ ಬುಡದಲ್ಲಿ ಆನೆ, ಸಿಂಹ, ಬಳ್ಳಿಯ ಸಾಲುಗಳ ಮೇಲೆ ಕುದುರೆ ಸವಾರರ ಸಾಲಿದೆ. ಓರೆ ಬಿಸಿಲಿನಲ್ಲಿ ಲಗಾಮಿನ ಅಡಿ, ಹೊಟ್ಟೆಯ ಪಟ್ಟಿಯ ಹಿಂದೆ, ತೊಡೆ ಕೂಡುವ ಸಂದಿನಲ್ಲಿ ಕತ್ತಲು ಕೂತಿರುತ್ತದೆ. ವಾಷ್ ಹೋಗಬೇಕಾದದ್ದು ಅಲ್ಲಿಗೇ. ಕುದುರೆಯ ಬಣ್ಣದಲ್ಲಿ ಎಲ್ಲೆಡೆ ತಪ್ಪು ಕಾಣುತ್ತದೆ, ಸರಿಯಾದದ್ದು ಹೀಗೆ: ಬೇ ಎಂಬ ಬಗೆಯ ಕುದುರೆಯ ಮೈ ಕಂದು, ಆದರೆ ಜೂಲು ಕೂದಲು, ಬಾಲ, ಕಾಲಿನ ಕೆಳಭಾಗ ಕಪ್ಪು. ಚೆಸ್ಟ್‌ನಟ್ (ಕೆಂಗಂದು) ಕುದುರೆಗೆ ಕಪ್ಪೇ ಇಲ್ಲ. ಬಿಳಿ ಕುದುರೆಯ ಮೂತಿ ಬೂದು.

ಇನ್ನು ಗುರಾಣಿ, ಹೊದಿಕೆಗಳ ಮೇಲಿನ ಲಾಂಛನ. ಈ ಸೈನ್ಯ ಕಟ್ಟುವ ಖುಷಿಯೆಲ್ಲ ಇರುವುದು ಇಲ್ಲೇ. ಲೋಹ ಎಂದರೆ ಚಿನ್ನ (ಹಳದಿ) ಮತ್ತು ಬೆಳ್ಳಿ (ಬಿಳಿ). ಬಣ್ಣ ಎಂದರೆ ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ. ಲೋಹದ ಮೇಲೆ ಲೋಹ ಬೇಡ, ಬಣ್ಣದ ಮೇಲೆ ಬಣ್ಣ ಬೇಡ. ದೂರದಿಂದ ಗುರುತು ಹಿಡಿಯಲೆಂದೇ ಇರುವ ಕಟ್ಟಳೆ ಇದು, ಮೇಜಿನ ಮೇಲೂ ಅಷ್ಟೇ ಕೆಲಸ ಮಾಡುತ್ತದೆ. ಬೊಹೇಮಿಯಾದ ಕುರುಡು ದೊರೆ ಜಾನ್‌ಗೆ ಕೆಂಪಿನ ಮೇಲೆ ಎರಡು ಬಾಲದ ಬಿಳಿ ಸಿಂಹ. ಫ್ಲಾಂಡರ್ಸ್ ಕೌಂಟ್‌ಗೆ ಹಳದಿಯ ಮೇಲೆ ಕಪ್ಪು ಸಿಂಹ. ಇಬ್ಬರೂ ಆ ದಿನ ಸತ್ತವರು. ಫ್ರಾನ್ಸ್ ದೊರೆಗೆ ನೀಲಿಯ ತುಂಬ ಚಿನ್ನದ ಲಿಲಿ ಹೂ. ಮೂರೇ ಲಿಲಿ ಇರುವ ಡೆಕಾಲ್ (ಅಂಟಿಸುವ ಅಚ್ಚುಚಿತ್ರ) ಕ್ರೆಸಿಗೆ ಹೊಂದುವುದಿಲ್ಲ, ಅದು ಮುಂದಿನ ಕಾಲದ್ದು.

ಲಿಲಿಗೆ 1ನೇ ನಂಬರಿನ ಚೂಪು ಕುಂಚವೇ ಸಾಕು. 000 ಕುಂಚದಲ್ಲಿ ಬಣ್ಣ ಗೊಂಬೆ ಮುಟ್ಟುವ ಮೊದಲೇ ಒಣಗುತ್ತದೆ. ಮೊದಲು ಕುದುರೆ ಹೊದಿಕೆಯ ಮೇಲೆ ಓರೆ ಸಾಲಿನಲ್ಲಿ, 4 ಮಿ.ಮೀ. ಅಂತರಕ್ಕೆ ಒಂದರಂತೆ ದಂತಬಿಳಿ ಚುಕ್ಕಿ. ಪ್ರತಿ ಚುಕ್ಕಿಯಿಂದ ಮೇಲಕ್ಕೊಂದು ಗೀಟು, ಎಡಬಲಕ್ಕೆ ಬಾಗಿದ ಎರಡು ಸಣ್ಣ ಗೀಟು, ಕೆಳಗೊಂದು ಬಾಲ. ಒಣಗಿದ ಮೇಲೆ ಅದರ ಮೇಲೆಯೇ ಹಳದಿ. ನೀಲಿಯ ಮೇಲೆ ನೇರವಾಗಿ ಹಳದಿ ಹಚ್ಚಿದರೆ ಹಸಿರು ತಿರುಗುತ್ತದೆ. ಮಡಿಕೆಯೊಳಗೆ ಹೂವು ಅರ್ಧ ಮರೆಯಾಗಲಿ, ಬಟ್ಟೆ ಎಂದು ಕಣ್ಣಿಗೆ ಅನ್ನಿಸುವುದು ಆಗಲೇ. ಲಾಂಛನದ ಹಳದಿ ಹಿನ್ನೆಲೆಗೆ ಕೆಳಗೆ ಓಕರ್ (ಮಣ್ಣಿನ ಹಳದಿ), ಬಿಳಿಗೆ ಕೆಳಗೆ ತಿಳಿ ಬೂದು.

ಬೇಸ್‌ಗೆ (ಗೊಂಬೆ ನಿಲ್ಲುವ ತಟ್ಟೆಗೆ) ಡಿಕಾಕ್ಷನ್ ತೆಗೆದು ಉಳಿದ ಕಾಫಿ ಪುಡಿ ಅಂಟಿಸುವ ಆಸೆ ನಮ್ಮೂರಲ್ಲಿ ಸಹಜ. ಬೇಡ, ಬೂಷ್ಟು ಹಿಡಿಯುತ್ತದೆ. ಜರಡಿ ಹಿಡಿದ ಮರಳನ್ನು ಬಾಣಲೆಯಲ್ಲಿ ಹುರಿದು ಫೆವಿಕಾಲ್‌ನಲ್ಲಿ ಅಂಟಿಸಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಸ್‌ನ ಎರಡೂ ಬದಿಗೆ, ಅಂಚಿಗೂ ವಾರ್ನಿಷ್ ಕೊಡಿ, ಇಲ್ಲದಿದ್ದರೆ ಉಬ್ಬುತ್ತದೆ. ಅಡಿಗೆ ಕಬ್ಬಿಣದ ವಾಷರ್ ಹಾಕಿದರೆ ತುಕ್ಕು ಮೇಲಕ್ಕೆ ಹತ್ತುತ್ತದೆ; ಮ್ಯಾಗ್ನೆಟ್ ಶೀಟ್ ವಾಸಿ.

ಮೇಜಿಗೆ 8×4 ಅಡಿಯ ಪ್ಲೈವುಡ್‌ನಲ್ಲಿ 6×4 ಕತ್ತರಿಸಿಕೊಳ್ಳಿ. ಆಟದಲ್ಲಿ ನೈಟ್‌ಗಳ ಗುಣವೇ ಅವರ ಕಷ್ಟ. ದಾಳಿಗೆ ಎರಡು ದಾಳದಲ್ಲಿ ಒಟ್ಟು 5 ಅಥವಾ ಹೆಚ್ಚು ಬಂದರೆ ಸಾಕು, 36ರಲ್ಲಿ 30 ಸಾಧ್ಯತೆ. ಸುಮ್ಮನೆ ನಡೆಯಲು 7 ಬೇಕು, 36ರಲ್ಲಿ 21. ಶತ್ರು ಕೈಗೆಟುಕುವಷ್ಟು ಹತ್ತಿರವಿದ್ದರೆ ಅವರು ನುಗ್ಗಲು ನೋಡಲೇಬೇಕು, ನಿಮಗೆ ಇಷ್ಟವಿರಲಿ ಬಿಡಲಿ. ಒಂದು ಗುಂಪು ದಾಳದಲ್ಲಿ ಸೋತರೆ ನಿಮ್ಮ ಸರದಿಯೇ ಮುಗಿಯುತ್ತದೆ, ಹಾಗಾಗಿ ಮುಖ್ಯವಾದ ಕೆಲಸ ಮೊದಲು. ಗುಂಪುಗಳ ನಡುವೆ 3 ಇಂಚು ಬಿಡಬೇಕಾದ್ದರಿಂದ ಕ್ರಾಸ್‌ಬೋ ಸಾಲಿನ ಹಿಂದೆ ನೈಟ್‌ಗಳನ್ನು ನಿಲ್ಲಿಸಿದರೆ ಅವರು ಅಲ್ಲೇ ಸಿಕ್ಕಿಬೀಳುತ್ತಾರೆ. 25 ಮಿ.ಮೀ. ಅಗಲದ ಮೂರು ಬೇಸ್ ಪಕ್ಕಪಕ್ಕ, ಎರಡೂ ಬದಿಗೆ 3 ಇಂಚು: ಸುಮಾರು 9 ಇಂಚಿನ ಓಣಿ ಬಿಟ್ಟು ಕ್ರಾಸ್‌ಬೋಗಳನ್ನು ಎರಡು ಪಕ್ಕಕ್ಕೆ ಇಡುತ್ತೇನೆ. ಕ್ರೆಸಿಯಲ್ಲಿ ಜಿನೋವಾದ ಕ್ರಾಸ್‌ಬೋ ಪಡೆಯ ದೊಡ್ಡ ಗುರಾಣಿಗಳು ಸರಕಿನ ಬಂಡಿಯಲ್ಲೇ ಉಳಿದಿದ್ದವು, ಕದನಕ್ಕೆ ಮುಂಚೆ ಮಳೆಯೂ ಹೊಡೆದಿತ್ತು. ಅದಕ್ಕೇ ಗುರಾಣಿಗಳನ್ನು ಬೇರೆಯಾಗಿ ಬಣ್ಣ ಮಾಡಿ ಹಿಂದಿನ ಬಂಡಿಯಲ್ಲಿ ಪೇರಿಸಿದ್ದೇನೆ. ಆ ಮಳೆಯ ಲೆಕ್ಕಕ್ಕೆ ಮೊದಲ ಎರಡು ಸರದಿಗೆ ಕ್ರಾಸ್‌ಬೋ ಹೊಡೆತಕ್ಕೆ 7ರ ಬದಲು 8 ಬೇಕೆಂದು ಆಟ ಶುರುವಾಗುವ ಮೊದಲೇ ಎದುರಾಳಿಯೊಂದಿಗೆ ಒಪ್ಪಿಕೊಳ್ಳುತ್ತೇನೆ.