ಬೀಗ ಹಾಕಿದ ಮನೆಯಿಂದ ರಾತ್ರಿ ಬರ್ತಿದ್ದ ಶಬ್ದ: ನನ್ನ ಅನುಭವ

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ರ. ಪಕ್ಕದ ಜಾಗ ಕೈ ಬದಲಾಗಿ ಅಲ್ಲೊಂದು ಎರಡು ಮಾಳಿಗೆಯ ಮನೆ ಎದ್ದಿತ್ತು, ಒಕ್ಕಲು (ಗೃಹಪ್ರವೇಶ) ಆದ ಮೇಲೆ ಬೀಗ, ಯಜಮಾನರು ಯಾರು ಅಂತಲೇ ನಮಗೆ ಗೊತ್ತಿಲ್ಲ. ರಾತ್ರಿ ಊರು ಮಲಗಿದ ಮೇಲೆ ಆ ಕಡೆಯಿಂದ ಗುಂಯ್ ಅಂತ ಒಂದು ಶಬ್ದ, ಸ್ವಲ್ಪ ಹೊತ್ತು ಬಂದು ನಿಲ್ತದೆ, ಕಣ್ಣು ಹತ್ತುವಾಗ ಮತ್ತೆ ಶುರು. ಅಮ್ಮನಿಗೆ ಮೊದಲೇ ನಿದ್ದೆ ಕಡಿಮೆ, ಅವರ ಮುಖ ನೋಡ್ಲಿಕ್ಕೆ ಆಗ್ತಿರ್ಲಿಲ್ಲ.

ದೂರು ಕೊಡುವ ಮೊದಲು ಅದು ಎಂತದ್ದು ಅಂತ ಗಟ್ಟಿ ಮಾಡ್ಕೊಳ್ಬೇಕು ಅನ್ನಿಸ್ತು. ಮೊದಲು ನಮ್ಮ ಮನೆಯ ಮೈನ್ ಸ್ವಿಚ್ಚೇ ಆಫ್ ಮಾಡಿದೆ, ಶಬ್ದ ಹಾಗೇ ಇತ್ತು, ಅಂದ್ರೆ ನಮ್ಮ ಫ್ರಿಜ್ಜೂ ಅಲ್ಲ ಇನ್ವರ್ಟರೂ ಅಲ್ಲ. ಇಂಥ ದಪ್ಪ (ಕೆಳ ಸ್ಥಾಯಿಯ) ಶಬ್ದ ಎಲ್ಲಿಂದ ಬರ್ತದೆ ಅಂತ ಕಿವಿಗೆ ಸುಲಭದಲ್ಲಿ ಗೊತ್ತಾಗುದಿಲ್ಲ, ಕೋಣೆಯ ಮೂಲೆಯಲ್ಲಿ ಜಾಸ್ತಿ ಕೇಳ್ತದೆ ನಡುವಲ್ಲಿ ಕಡಿಮೆ, ಹಾಗಾಗಿ ಒಳಗೆ ಕೂತು ಹುಡುಕಿ ಪ್ರಯೋಜನ ಇಲ್ಲ, ಅಂಗಳಕ್ಕಿಳಿದು ಕೆಂಪುಕಲ್ಲಿನ ಕಂಪೌಂಡ್ ಬದಿಯಲ್ಲೇ ನಡೀಬೇಕು. ಒಂದು ರಾತ್ರಿ ಕರೆಂಟ್ ಹೋಯ್ತು, ಶಬ್ದವೂ ಹೋಯ್ತು, ಕರೆಂಟ್ ಬಂದ ಮೇಲೆ ಅದೂ ಬಂತು. ಅಲ್ಲಿಗೆ ಅದು ಮೋಟಾರ್ ಅಂತ ಹೆಚ್ಚು ಕಡಿಮೆ ಖಾತ್ರಿ. ಶುರುವಾದ ಮತ್ತು ನಿಂತ ಟೈಮ್ ಬರೆದಿಟ್ಟೆ, ನಡುವಿನ ಅಂತರ ಪ್ರತಿ ಸಲವೂ ಒಂದೇ ಥರ. ಇದು ಪ್ರೆಶರ್ ಪಂಪಿನ ಲಕ್ಷಣ. ಪೈಪಿನಲ್ಲಿ ಪ್ರೆಶರ್ ಇಳಿದ್ರೆ ಅದು ತನ್ನಷ್ಟಕ್ಕೆ ಆನ್ ಆಗ್ತದೆ, ತುಂಬಿದ ಮೇಲೆ ಆಫ್. ಯಾರೂ ನಲ್ಲಿ ತಿರುಗಿಸದ ಮನೆಯಲ್ಲಿ ಪ್ರೆಶರ್ ಇಳೀತದೆ ಅಂದ್ರೆ ಎಲ್ಲೋ ನೀರು ಲೀಕ್ ಉಂಟು.

ಕಾನೂನೂ ನೋಡಿದೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಾಸದ ಏರಿಯಾಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ 45 ಡೆಸಿಬಲ್ ಮಿತಿ, ಅದಕ್ಕಿಂತ 10 ಅಥವಾ ಅದಕ್ಕೂ ಜಾಸ್ತಿ ಆದ್ರೆ ದೂರು ಕೊಡ್ಬಹುದು. ಮೊಬೈಲ್ ಆ್ಯಪಿನಲ್ಲಿ ನಮ್ಮ ಕಿಟಕಿ ಹತ್ರ 40ರ ಆಸುಪಾಸು ತೋರಿಸ್ತಿತ್ತು. ಆ್ಯಪನ್ನು ಪೂರ್ತಿ ನಂಬ್ಲಿಕ್ಕಾಗುದಿಲ್ಲ, ಆದ್ರೆ ಅಳತೆಯ ಕ್ರಮವೇ ದಪ್ಪ ಶಬ್ದಕ್ಕೆ ಕಡಿಮೆ ತೂಕ ಕೊಡುವಂಥದ್ದು, ನಿದ್ದೆ ಹಾಳಾದ್ರೂ ಅಂಕೆ ಸಣ್ಣದೇ ಬರ್ತದೆ. ಇದು ನನಗೆ ದೊಡ್ಡ ಅನ್ಯಾಯ ಅಂತ ಅನ್ನಿಸ್ತದೆ. ನಮ್ಮಲ್ಲಿ ಕನ್ನಡದಲ್ಲೇ ಅರ್ಜಿ ಕೊಡ್ಲಿಕ್ಕೆ ಹಕ್ಕುಂಟು, ಆದ್ರೆ ಆ ಅಂಕೆ ಹಿಡ್ಕೊಂಡು ಅರ್ಜಿ ನಿಲ್ಲುದಿಲ್ಲ.

ವಾರ್ಡ್ ಮೆಂಬರ್ ಹತ್ರ ಕೇಳಿದ್ದಕ್ಕೆ ಆ ಮನೆಯ ತೆಂಗಿನಕಾಯಿ ತೆಗೆಸುವವರು ಸಿಕ್ಕಿದ್ರು. "ಮಾಷ್ಟ್ರೆ, ಯಜಮಾನರು ದುಬೈಯಲ್ಲಿ, ವಾಟ್ಸಾಪ್‌ಗೆ ಹಾಕಿ" ಅಂತ ನಂಬರ್ ಕೊಟ್ರು. ಯಜಮಾನರದ್ದು ಮಲಯಾಳ, ಹಾಗಾಗಿ ನಾನೂ ಮಲಯಾಳದಲ್ಲೇ ವಾಯ್ಸ್ ಕಳಿಸಿದೆ. ನಿಮ್ಮ ಶಬ್ದದಿಂದ ತೊಂದರೆ ಅಂತ ಶುರು ಮಾಡ್ಲಿಲ್ಲ, ನಿಮ್ಮ ಮನೆಯೊಳಗೆ ನೀರು ಹೋಗ್ತಾ ಉಂಟು, ಪಂಪು ಇಡೀ ರಾತ್ರಿ ಆನ್ ಆಫ್ ಆಗ್ತಾ ಉಂಟು, ಮೋಟಾರ್ ಸುಡಬಹುದು ಅಂತ ಹೇಳಿ, ಬರೆದಿಟ್ಟ ಟೈಮಿನ ಫೋಟೋ ಮತ್ತು ರೆಕಾರ್ಡಿಂಗ್ ಹಾಕಿ, ಕಡೆಗೆ ಅಮ್ಮನ ನಿದ್ದೆಯ ವಿಷಯ ಹೇಳಿದೆ. ಅವರು ಕೂಡ್ಲೇ ಫೋನ್ ಮಾಡಿದ್ರು. ಬೀಗ ಹಾಕಿದ ಮನೆಗೆ ಇಷ್ಟು ಕರೆಂಟ್ ಬಿಲ್ ಹೇಗೆ ಅಂತ ಅವರಿಗೂ ತಲೆಬಿಸಿ ಆಗಿತ್ತಂತೆ.

ಪ್ಲಂಬರ್ ಬಂದು ನೋಡುವಾಗ ಮೇಲಿನ ಬಾತ್‌ರೂಮಿನ ಫ್ಲಶ್ ಟ್ಯಾಂಕ್ ಒಳಗಿಂದೊಳಗೆ ಸೋರ್ತಿತ್ತು, ಹೊರಗೆ ಒಂದು ಹನಿ ಕಾಣುದಿಲ್ಲ. ಟೆರೇಸಿನ ಟ್ಯಾಂಕಿಗೆ ಬಾವಿಯಿಂದ ಆಟೋಮ್ಯಾಟಿಕ್ ಆಗಿ ನೀರು ತುಂಬ್ತಿದ್ದ ಕಾರಣ ನೀರು ಮುಗೀತಲೂ ಇರ್ಲಿಲ್ಲ, ಬೇಸಗೆಯಲ್ಲಿ ಬಾವಿ ತಳ ಕಾಣುವ ನಮ್ಮ ಊರಲ್ಲಿ ಅಷ್ಟು ನೀರು ಹೋದದ್ದು ನೆನೆಸಿದ್ರೆ ಈಗಲೂ ಹೊಟ್ಟೆ ಉರೀತದೆ. ಟ್ಯಾಂಕಿನ ವಾಷರ್ ಬದಲಿಸಿದ್ರು, ಪಂಪು ಸೀದಾ ಟೆರೇಸಿನ ಕಾಂಕ್ರೀಟ್ ಮೇಲೆ ಕೂತಿದ್ದಕ್ಕೆ ಅಡಿಗೆ ದಪ್ಪ ರಬ್ಬರ್ ಇಟ್ರು. ಈಗ ಯಜಮಾನರು ಊರಿಗೆ ಬಂದು ವಾಪಸ್ ಹೋಗುವಾಗ ಎರಡೂ ಪಂಪಿನ ಸ್ವಿಚ್ ಆಫ್ ಮಾಡಿಯೇ ಹೋಗುದು, ಗೇಟಿನ ಒಂದು ಕೀ ನಮ್ಮಲ್ಲಿ ಕೊಟ್ಟಿದ್ದಾರೆ.